ಒಡೆಯನ ಪಾಪ, ಆಳಿನ ಬಿಡುಗಡೆ

(ಕೊಪ್ಪ ತಾಲ್ಲೂಕಿನ ಬಾಳಗಡಿಯಲ್ಲಿ ವಿದ್ಯಾರ್ಥಿಗಳು ಮತ್ತು ಊರ ನಾಗರಿಕರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಎರಡು ಹಳೆಯ ಪದಗಳಿಂದ ಮಾತು ಆರಂಭಿಸುತ್ತೇನೆ. ಒಂದು ‘ಹುಟ್ಟಾಳು’, ಇನ್ನೊಂದು ‘ಮಣ್ಣಾಳು’. ಈಗಿನ ಹುಡುಗರಿಗೆ ಇವು ಒಗಟಿನಂತೆ ಕೇಳಿಸಬಹುದು. ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್‌ನ 1897ರ ಪರಿಷ್ಕೃತ ಆವೃತ್ತಿಯಲ್ಲಿ ಇವುಗಳ ಅರ್ಥ ಸಿಗುತ್ತದೆ. ಒಡೆಯನ ಮನೆಯಲ್ಲೇ ಹುಟ್ಟಿ, ಆ ಮನೆತನಕ್ಕೆ ತಲೆಮಾರುಗಳ ಕಾಲ ದುಡಿಯಬೇಕಾದವನು ಹುಟ್ಟಾಳು. ಮಣ್ಣಿಗೆ ಕಟ್ಟುಬಿದ್ದವನು ಮಣ್ಣಾಳು. ಗದ್ದೆ ಕೈ ಬದಲಾಯಿಸಿದರೆ ಅದರ ಜೊತೆಗೆ ಅವನೂ ಕೈ ಬದಲಾಯಿಸುತ್ತಿದ್ದ. ಇದು ಬಯಲುಸೀಮೆಯ ಸಂಗತಿಯಲ್ಲ, ಮಲೆನಾಡಿನದು ಎಂದೇ ರೈಸ್ ಬರೆದಿದ್ದಾರೆ. ಆ ವೇಳೆಗೆ ಇವರೆಲ್ಲ ಬಿಡುಗಡೆ ಹೊಂದಿದ್ದರೆಂದೂ, ಕೆಲವರು ಭೂಮಿಯ ಒಡೆಯರಾಗುತ್ತಿದ್ದರೆಂದೂ ಅವರು ಸೇರಿಸಿದ್ದಾರೆ.

ಗುಲಾಮಗಿರಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅಮೆರಿಕದ ಹತ್ತಿಯ ಹೊಲ, ಆಫ್ರಿಕದಿಂದ ಹೊರಟ ಹಡಗು. ಆದರೆ ಮನುಷ್ಯರನ್ನು ನೆಲದ ಜೊತೆ ಎಣಿಸುವ ಪದ್ಧತಿ ನಮ್ಮ ಗದ್ದೆ, ಅಡಕೆ ತೋಟಗಳ ನಡುವೆಯೂ ಇತ್ತು. ದಕ್ಷಿಣ ಕನ್ನಡದಲ್ಲಿ ‘ಮೂಲದಾಳು’ ಎನ್ನುತ್ತಿದ್ದರು. ಕೊಡಗಿನಲ್ಲಿ ‘ಭೂಮಿ ಜಮ್ಮದ ಆಳು’ ಮತ್ತು ‘ಒಕ್ಕಲು ಜಮ್ಮದ ಆಳು’ ಎಂಬ ಎರಡು ಬಗೆಯಿತ್ತು. ಮೊದಲನೆಯವನು ಭೂಮಿಯನ್ನು ಬಿಡುವಂತಿಲ್ಲ, ಎರಡನೆಯವನು ಒಡೆಯನ ಸ್ವಂತ ಸ್ವತ್ತು. ಇವರಲ್ಲಿ ಹೆಚ್ಚಿನವರು ಆಗಿನ ದಾಖಲೆಗಳು ‘ಹೊಲೆಯ’ ಎಂದು ಕರೆದ ಸಮುದಾಯಕ್ಕೆ ಸೇರಿದವರು.

ಇಂತಹ ಪದ್ಧತಿಯನ್ನು ಅನ್ಯಾಯವೆಂದು ಹೇಳುವ ಧೈರ್ಯ ಮನುಷ್ಯರಿಗೆ ಎಲ್ಲಿಂದ ಬಂತು? ಆಳು ಅದನ್ನು ಅನ್ಯಾಯವೆಂದು ತಿಳಿದಿದ್ದರಲ್ಲಿ ಆಶ್ಚರ್ಯವಿಲ್ಲ. ಒಡೆಯನ ಕಡೆಯವರೇ ‘ಇದು ನಮ್ಮ ಪಾಪ’ ಎಂದು ಯಾವಾಗ, ಏಕೆ ಹೇಳಿದರು? ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದ ಪ್ಯೂರಿಟನ್ನರ ಕಥೆ ನೆರವಾಗುತ್ತದೆ. ಆ ಪರಂಪರೆಯೂ ಅದರ ಬಂಧುಗಳೂ ನಮ್ಮ ಕರಾವಳಿ ಮತ್ತು ಮಲೆನಾಡಿನವರೆಗೆ ಬಂದ ದಾರಿಯನ್ನೂ ಇಂದು ನೋಡೋಣ.

ಶುದ್ಧಾಚಾರಿಗಳ ಊರು

ಪ್ಯೂರಿಟನ್ ಎಂದರೆ ಶುದ್ಧಾಚಾರಿ. ಇಂಗ್ಲೆಂಡಿನ ಚರ್ಚಿನಲ್ಲಿ ಆಡಂಬರ ಹೆಚ್ಚಾಯಿತು, ಅದನ್ನು ಶುದ್ಧಗೊಳಿಸಬೇಕು ಎಂದು ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಹಟ ಹಿಡಿದವರು ಇವರು. 1630ರಲ್ಲಿ ಜಾನ್ ವಿಂತ್ರಾಪ್‌ನ ಮುಂದಾಳತನದಲ್ಲಿ ಇವರ ದೊಡ್ಡ ತಂಡ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನೆಲೆಸಿತು. ಸರಳ ಉಡುಪು, ಭಾನುವಾರದ ಕಟ್ಟುನಿಟ್ಟಾದ ಆಚರಣೆ, ನಾಟಕಗಳ ನಿಷೇಧ ಅವರ ಗುರುತು. ಕ್ರಿಸ್‌ಮಸ್ ಹಬ್ಬವನ್ನೂ ಅವರು ಆಚರಿಸುತ್ತಿರಲಿಲ್ಲ.

ಅವರ ಎರಡು ನಂಬಿಕೆಗಳು ನಮಗೆ ಇಲ್ಲಿ ಮುಖ್ಯ. ಮೊದಲನೆಯದು, ಪ್ರತಿಯೊಬ್ಬನೂ ತನ್ನ ಮನಸ್ಸನ್ನು ದಿನವೂ ಪರೀಕ್ಷಿಸಿಕೊಳ್ಳಬೇಕು, ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳಬೇಕು ಎಂಬುದು. ಎರಡನೆಯದು, ದೇವರು ಇಡೀ ಸಮುದಾಯದೊಡನೆ ಒಪ್ಪಂದ ಮಾಡಿಕೊಂಡಿದ್ದಾನೆ, ಆದ್ದರಿಂದ ಕೆಲವರ ಪಾಪಕ್ಕೆ ಇಡೀ ನಾಡು ಬೆಲೆ ತೆರಬೇಕಾಗುತ್ತದೆ ಎಂಬುದು. ಬರ ಬಂದರೆ, ಯುದ್ಧ ಬಂದರೆ ಊರಿಗೆ ಊರೇ ಉಪವಾಸ ಮಾಡಿ ತಪ್ಪು ಹುಡುಕುತ್ತಿತ್ತು. ಒಬ್ಬನ ತಪ್ಪಿನಿಂದ ಊರಿಗೇ ಕೇಡು ಎಂದು ತಪ್ಪುಕಾಣಿಕೆ ಇಡುವ ರೂಢಿ ಕಂಡ ನಮಗೆ ಈ ಭಾವನೆ ಅಪರಿಚಿತವಲ್ಲ.

ಇಷ್ಟಿದ್ದರೂ ಈ ಶುದ್ಧಾಚಾರಿಗಳು ಗುಲಾಮರನ್ನು ಇಟ್ಟುಕೊಂಡಿದ್ದರು. 1641ರಲ್ಲಿ ಅವರು ಮಾಡಿಕೊಂಡ ಕಾನೂನು ಸಂಹಿತೆ ಗುಲಾಮಗಿರಿಯನ್ನು ಮೇಲ್ನೋಟಕ್ಕೆ ನಿಷೇಧಿಸಿ, ಯುದ್ಧದಲ್ಲಿ ಸೆರೆಸಿಕ್ಕವರು ಮತ್ತು ಹೊರಗಿನಿಂದ ಮಾರಾಟವಾಗಿ ಬಂದವರು ಇದಕ್ಕೆ ಹೊರತು ಎಂದಿತು. ಬಾಗಿಲಿಗೆ ಬೀಗ ಹಾಕಿ ಗೋಡೆಯನ್ನೇ ತೆರೆದಿಟ್ಟಂತಾಯಿತು. ಕಟ್ಟುನಿಟ್ಟಿನ ಧರ್ಮವಿದ್ದ ಮಾತ್ರಕ್ಕೆ ನ್ಯಾಯ ತಾನಾಗಿ ಬರುವುದಿಲ್ಲ ಎಂಬುದು ಈ ಕಥೆಯ ಮೊದಲ ಪಾಠ.

ನ್ಯಾಯಾಧೀಶನ ಪಶ್ಚಾತ್ತಾಪ

ಸ್ಯಾಮ್ಯುಯೆಲ್ ಸೀವಾಲ್ ಬಾಸ್ಟನ್ನಿನ ನ್ಯಾಯಾಧೀಶ. 1692ರಲ್ಲಿ ಸೇಲಂ ಎಂಬಲ್ಲಿ ಮಾಟಗಾತಿಯರೆಂಬ ಆರೋಪದ ಮೇಲೆ ನಡೆದ ಕುಖ್ಯಾತ ವಿಚಾರಣೆಯಲ್ಲಿ ಅವನೂ ಪೀಠದಲ್ಲಿದ್ದ. ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಲಾಯಿತು. ಐದು ವರ್ಷಗಳ ನಂತರ, 1697ರಲ್ಲಿ, ಅವನು ಚರ್ಚಿನಲ್ಲಿ ಎಲ್ಲರ ಮುಂದೆ ಎದ್ದು ನಿಂತ. ಅವನ ತಪ್ಪೊಪ್ಪಿಗೆಯನ್ನು ಪಾದ್ರಿ ಓದಿ ಹೇಳಿದ. ಇದೇ ಸೀವಾಲ್ 1700ರಲ್ಲಿ ‘ಜೋಸೆಫನ ಮಾರಾಟ’ ಎಂಬ ಕಿರುಹೊತ್ತಗೆ ಬರೆದ. ಬೈಬಲಿನಲ್ಲಿ ಜೋಸೆಫನನ್ನು ಅವನ ಅಣ್ಣಂದಿರೇ ಮಾರಿಬಿಡುತ್ತಾರೆ. ಆಫ್ರಿಕದವರೂ ನಮ್ಮ ಒಡಹುಟ್ಟಿದವರೇ, ಅವರನ್ನು ಕೊಂಡವನೂ ಆ ಪಾಪದಲ್ಲಿ ಪಾಲುದಾರ ಎಂಬುದು ಅವನ ವಾದ. ನ್ಯೂ ಇಂಗ್ಲೆಂಡಿನಲ್ಲಿ ಗುಲಾಮಗಿರಿಯ ವಿರುದ್ಧ ಅಚ್ಚಾದ ಮೊದಲ ಬರಹಗಳಲ್ಲಿ ಇದೂ ಒಂದು. ತಪ್ಪೊಪ್ಪಿಗೆಯ ಅಭ್ಯಾಸ ಅವನನ್ನು ಗುಲಾಮರ ಬಾಗಿಲಿಗೆ ಕರೆತಂದಿತ್ತು.

ಮುಂದಿನ ಕಥೆ ನಡೆಯುವುದು ರೋಡ್ ಐಲೆಂಡಿನ ನ್ಯೂಪೋರ್ಟ್ ಎಂಬ ಬಂದರಿನಲ್ಲಿ. ಗುಲಾಮರ ವ್ಯಾಪಾರದ ಹಡಗುಗಳು ಹೊರಡುತ್ತಿದ್ದ ಊರು ಅದು. ಪ್ಯೂರಿಟನ್ ಪರಂಪರೆಯ ಬಹುದೊಡ್ಡ ಚಿಂತಕ ಜಾನಥನ್ ಎಡ್ವರ್ಡ್ಸ್ 1731ರಲ್ಲಿ ಅಲ್ಲಿಗೆ ಹೋಗಿ ವೀನಸ್ ಎಂಬ ಆಫ್ರಿಕದ ಹುಡುಗಿಯನ್ನು ಹಣ ಕೊಟ್ಟು ಕೊಂಡ. ಅವನ ಶಿಷ್ಯ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಕೆಲವು ದಶಕಗಳ ನಂತರ ಅದೇ ನ್ಯೂಪೋರ್ಟ್‌ನಲ್ಲಿ ಪಾದ್ರಿಯಾದ. ಗುಲಾಮರ ವ್ಯಾಪಾರದಿಂದ ಬದುಕುತ್ತಿದ್ದ ಊರಿನ ಮುಂದೆ ನಿಂತು ಅವನು ಆ ವ್ಯಾಪಾರದ ವಿರುದ್ಧ ಬೋಧಿಸಿದ. 1776ರಲ್ಲಿ, ಬ್ರಿಟನ್ನಿನಿಂದ ಸ್ವಾತಂತ್ರ್ಯ ಬೇಕೆಂದು ಅಮೆರಿಕನ್ನರು ಹೋರಾಡುತ್ತಿದ್ದಾಗ, ಗುಲಾಮರನ್ನು ಬಿಡುಗಡೆ ಮಾಡದೆ ನಮಗೆ ಸ್ವಾತಂತ್ರ್ಯ ಕೇಳುವ ಮುಖವಿಲ್ಲ ಎಂಬ ಅರ್ಥದ ಪುಸ್ತಿಕೆಯನ್ನು ಬರೆದು ಅವರ ಮಹಾಸಭೆಗೆ ಅರ್ಪಿಸಿದ. ಗುರುವಿನ ತತ್ವವನ್ನು ಶಿಷ್ಯ ಗುರುವಿನ ನಡತೆಯ ವಿರುದ್ಧವೇ ತಿರುಗಿಸಿದ್ದ.

ಹತ್ತೊಂಬತ್ತನೆಯ ಶತಮಾನದ ಹೋರಾಟದಲ್ಲಿ ಈ ದನಿ ಮತ್ತೆ ಮತ್ತೆ ಕೇಳಿಸುತ್ತದೆ. 1831ರಲ್ಲಿ ಬಾಸ್ಟನ್ನಿನಲ್ಲಿ ವಿಲಿಯಂ ಲಾಯ್ಡ್ ಗ್ಯಾರಿಸನ್ ‘ಲಿಬರೇಟರ್’ ಪತ್ರಿಕೆ ಆರಂಭಿಸಿದಾಗ ಗುಲಾಮಗಿರಿಯನ್ನು ಆರ್ಥಿಕ ಸಮಸ್ಯೆ ಎನ್ನಲಿಲ್ಲ, ಪಾಪ ಎಂದ. ಪಾಪವನ್ನು ಕಂತುಗಳಲ್ಲಿ ಬಿಡಲಾಗದು, ತಕ್ಷಣ ಬಿಡಬೇಕು ಎಂದ. 1852ರಲ್ಲಿ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿ ಪ್ರಕಟಿಸಿದ ಹ್ಯಾರಿಯೆಟ್ ಬೀಚರ್ ಸ್ಟೋವ್ ಇದೇ ಪರಂಪರೆಯ ಪಾದ್ರಿಯ ಮಗಳು. 1859ರಲ್ಲಿ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿ ಗಲ್ಲಿಗೇರಿದ ಜಾನ್ ಬ್ರೌನ್ ತನ್ನನ್ನು ಪ್ಯೂರಿಟನ್ನರ ವಂಶಸ್ಥನೆಂದೇ ತಿಳಿದಿದ್ದ. 1865ರಲ್ಲಿ ಸಂವಿಧಾನದ ತಿದ್ದುಪಡಿಯ ಮೂಲಕ ಅಮೆರಿಕದಲ್ಲಿ ಗುಲಾಮಗಿರಿ ರದ್ದಾಯಿತು.

ಇಲ್ಲಿ ಒಂದು ಎಚ್ಚರ ಅಗತ್ಯ. ಗುಲಾಮಗಿರಿಯನ್ನು ಪ್ಯೂರಿಟನ್ನರ ಮೊಮ್ಮಕ್ಕಳೇ ತೊಲಗಿಸಿದರು ಎಂದರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. ಕ್ವೇಕರ್ ಪಂಥದವರು 1688ರಲ್ಲೇ ಜರ್ಮನ್‌ಟೌನ್‌ನಲ್ಲಿ ಲಿಖಿತ ಪ್ರತಿಭಟನೆ ಸಲ್ಲಿಸಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಗುಲಾಮರು ತಾವೇ ಓಡಿ ಬಂದು, ಕೋರ್ಟಿಗೆ ಹೋಗಿ, ಬರೆದು, ಕೊನೆಗೆ ಸೈನ್ಯ ಸೇರಿ ಹೋರಾಡಿದರು. 1838ರಲ್ಲಿ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ಆ ಕಾಲದ ಅತಿ ದೊಡ್ಡ ವಾಗ್ಮಿಗಳಲ್ಲಿ ಒಬ್ಬನಾದ. ಪ್ಯೂರಿಟನ್ ಪರಂಪರೆ ಕೊಟ್ಟದ್ದು ಒಂದು ಭಾಷೆಯನ್ನು. ಅದು ಆಳಿನ ಕಷ್ಟಕ್ಕೆ ಮರುಗುವ ಭಾಷೆಯಲ್ಲ, ಒಡೆಯನನ್ನು ಕಟಕಟೆಯಲ್ಲಿ ನಿಲ್ಲಿಸುವ ಭಾಷೆ.

ಸಮುದ್ರ ದಾಟಿದ ಮಾತು

ಈ ಭಾಷೆ ಭಾರತಕ್ಕೆ ಹಲವು ದಾರಿಗಳಲ್ಲಿ ಬಂತು. ಮಹಾರಾಷ್ಟ್ರದಲ್ಲಿ ಜ್ಯೋತಿಬಾ ಫುಲೆಯವರು 1873ರಲ್ಲಿ ಪ್ರಕಟಿಸಿದ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಗುಲಾಮರ ಬಿಡುಗಡೆಗಾಗಿ ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಅಲ್ಲಿಯ ಗುಲಾಮನನ್ನೂ ಇಲ್ಲಿಯ ಶೂದ್ರಾತಿಶೂದ್ರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡಿದ ಕೃತಿ ಅದು.

ಕಾನೂನಿನ ದಾರಿ ನಿಧಾನವಾಗಿತ್ತು. ಬ್ರಿಟಿಷ್ ಪಾರ್ಲಿಮೆಂಟ್ 1833ರಲ್ಲಿ ಗುಲಾಮಗಿರಿ ರದ್ದುಮಾಡಿದಾಗ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತು. ನಮ್ಮ ಮೂಲದಾಳು, ಜಮ್ಮದ ಆಳು ಆ ಕಾಯ್ದೆಯ ಕಣ್ಣಿಗೆ ಬೀಳಲಿಲ್ಲ. ಹತ್ತು ವರ್ಷಗಳ ನಂತರ, 1843ರ ಐದನೆಯ ಕಾಯ್ದೆ ಬಂತು. ಬಾಕಿ ವಸೂಲಿಗಾಗಿ ಯಾವ ಅಧಿಕಾರಿಯೂ ಮನುಷ್ಯನನ್ನು ಮಾರುವಂತಿಲ್ಲ, ಮನುಷ್ಯನ ಮೇಲಿನ ಒಡೆತನವನ್ನು ಯಾವ ಕೋರ್ಟೂ ಮಾನ್ಯ ಮಾಡುವಂತಿಲ್ಲ, ಗುಲಾಮನೆಂಬ ಕಾರಣಕ್ಕೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎಂದು ಅದು ಹೇಳಿತು. ಆದರೆ ಗುಲಾಮನನ್ನು ಇಟ್ಟುಕೊಂಡವನಿಗೆ ಶಿಕ್ಷೆ ವಿಧಿಸಲಿಲ್ಲ. ಗುಲಾಮರ ಕ್ರಯವಿಕ್ರಯ ಅಪರಾಧವಾದದ್ದು 1860ರ ದಂಡಸಂಹಿತೆಯಿಂದ. ಅದು ಜಾರಿಗೆ ಬಂದದ್ದು 1862ರಲ್ಲಿ.

ಬಾಸೆಲ್ ಮಿಷನ್ನಿನ ಕಟ್ಟುಪಾಡು

ಧರ್ಮದ ದಾರಿಯಲ್ಲಿ ಮೊದಲು ಬಂದವರು ಬಾಸೆಲ್ ಮಿಷನ್ನಿನವರು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಇವರು ಪ್ಯೂರಿಟನ್ನರಲ್ಲ, ಜರ್ಮನಿಯ ಪಯಟಿಸ್ಟ್ ಎಂಬ ಭಕ್ತಿಪಂಥದವರು. ಆದರೆ ಎರಡೂ ಪಂಥಗಳು ದಾಯಾದಿಗಳಿದ್ದಂತೆ. ಇಂಗ್ಲಿಷ್ ಪ್ಯೂರಿಟನ್ನರ ಪುಸ್ತಕಗಳು ಜರ್ಮನ್ ಭಾಷೆಗೆ ಅನುವಾದಗೊಂಡು ಪಯಟಿಸ್ಟರ ಮನೆಗಳಲ್ಲಿ ಓದಿಗೆ ಬಂದಿದ್ದವು. ಆತ್ಮಪರೀಕ್ಷೆ, ದುಡಿಮೆ, ಶಿಸ್ತು ಇಬ್ಬರಿಗೂ ಸಮಾನ.

ಈ ಶಿಸ್ತು ಹೇಗೆ ಕೆಲಸ ಮಾಡಿತು ಎಂಬುದಕ್ಕೆ ಮಂಗಳೂರಿನ ಹಂಚಿನ ಕಾರ್ಖಾನೆಯೇ ಸಾಕ್ಷಿ. ಆರಂಭದಲ್ಲಿ ಮಿಷನ್ ಸೇರಿದವರಲ್ಲಿ ಬಿಲ್ಲವರು ಬಹಳ. ಹೆಂಡ ಇಳಿಸುವ ಕಸುಬನ್ನು ಬಿಡಬೇಕು ಎಂದು ಮಿಷನ್ ಪಟ್ಟು ಹಿಡಿಯಿತು. ಕಸುಬು ಬಿಟ್ಟವರಿಗೆ ಅನ್ನ ಬೇಡವೇ? ಹಾಗಾಗಿ ನೇಯ್ಗೆ ಬಂತು, ಅಚ್ಚುಕೂಟ ಬಂತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ನಮ್ಮ ಮಲೆನಾಡಿನ ಎಷ್ಟೋ ಮನೆಗಳ ಮಾಡಿನ ಮೇಲಿರುವ ಮಂಗಳೂರು ಹಂಚಿನ ಹಿಂದೆ ಹೀಗೊಂದು ಕಟ್ಟುಪಾಡಿನ ಕಥೆಯಿದೆ.

ಕೊಡಗಿನಲ್ಲಿ ಪ್ರಶ್ನೆ ಇನ್ನೂ ನೇರವಾಗಿತ್ತು. ‘ಮಂಗಳೂರ ಸಮಾಚಾರ’ ಪತ್ರಿಕೆಯ ಮೂಲಕ ಕನ್ನಡಿಗರಿಗೆಲ್ಲ ಪರಿಚಿತರಾದ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಅಲ್ಲಿ ಕೆಲಸ ಆರಂಭಿಸಿದರು. ಅಲ್ಲಿ ತಲೆಮಾರುಗಳಿಂದ ಜಮ್ಮದ ಆಳುಗಳಾಗಿದ್ದ ಸಮುದಾಯದವರು ಅವರ ಬಳಿ ಬಂದರು. ಅವರಿಗಾಗಿ ಆ ದಶಕದ ಕೊನೆಯಲ್ಲಿ ‘ಆನಂದಪುರ’ ಎಂಬ ಹೊಸ ನೆಲೆ ಏರ್ಪಟ್ಟಿತು. ಒಡೆಯನ ಜಾಗ ಬಿಟ್ಟವನಿಗೆ ನಿಲ್ಲಲು ಬೇರೆ ನೆಲ ಬೇಕು ಎಂಬ ಸರಳ ಸತ್ಯವನ್ನು ಮಿಷನ್ ಅರಿತಿತ್ತು.

ಇದೇ ಮಿಷನ್ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿಯೂ, ಎಂದರೆ ಇಂದಿನ ಘಾನಾದಲ್ಲಿಯೂ ಕೆಲಸ ಮಾಡುತ್ತಿತ್ತು. 1843ರಲ್ಲಿ ವೆಸ್ಟ್ ಇಂಡೀಸ್‌ನಿಂದ ಆಫ್ರಿಕ ಮೂಲದ ಕ್ರೈಸ್ತ ಕುಟುಂಬಗಳನ್ನು ಅದು ಅಲ್ಲಿಗೆ ಕರೆತಂದಿತು. 1860ರ ದಶಕದಲ್ಲಿ ತನ್ನ ಸಭೆಯವರು ಗುಲಾಮರನ್ನು ಇಟ್ಟುಕೊಳ್ಳಬಾರದು ಎಂಬ ನಿಯಮವನ್ನು ಬಿಗಿಗೊಳಿಸಿತು. ಒಡೆಯನ ಪಾಪ ಎಂಬ ಭಾಷೆ ಅಲ್ಲಿಯೂ ಕೇಳಿಸುತ್ತದೆ.

ಮಿಷನ್ನಿನ ಮಿತಿಗಳನ್ನೂ ಹೇಳಬೇಕು. ಬಿಡುಗಡೆಯ ಜೊತೆಗೆ ಮತಾಂತರ ಬಂದಿತ್ತು. ಹಳೆಯ ಒಡೆಯನನ್ನು ಬಿಟ್ಟವನು ಮನೆ, ಕೆಲಸ, ನಡತೆ ಎಲ್ಲದಕ್ಕೂ ಮಿಷನ್ನಿನ ಕಡೆ ನೋಡಬೇಕಾಯಿತು. ಕುಡಿತ, ಕೋಲ, ಜಾತ್ರೆ ಎಲ್ಲವನ್ನೂ ಒಂದೇ ಸಾಲಿನಲ್ಲಿಟ್ಟು ಪಾಪ ಎಂದದ್ದರಿಂದ ಜನರ ಹಾಡು, ಕುಣಿತಗಳಿಗೂ ಪೆಟ್ಟು ಬಿತ್ತು. ಶುದ್ಧಾಚಾರದ ಕಣ್ಣು ಒಡೆಯನ ಕಣಜಕ್ಕಿಂತ ಆಳಿನ ಹೆಂಡದ ಕುಡಿಕೆಯನ್ನು ಬೇಗ ಕಾಣುತ್ತದೆ. ಇದು ಆ ಪರಂಪರೆಯ ಹಳೆಯ ದೌರ್ಬಲ್ಯ.

ಕುದ್ಮುಲ್ ರಂಗರಾಯರು

ಇನ್ನೊಂದು ದಾರಿ ಮತಾಂತರವಿಲ್ಲದ ದಾರಿ. ಇದಕ್ಕಾಗಿ ಮತ್ತೆ ನ್ಯೂಪೋರ್ಟ್‌ಗೆ ಹೋಗಬೇಕು. ಹಾಪ್ಕಿನ್ಸ್ ಮುದುಕನಾಗಿದ್ದಾಗ ಅವನನ್ನು ಕಂಡು ಪ್ರಭಾವಿತನಾದ ಹುಡುಗನೊಬ್ಬ ಅಲ್ಲಿದ್ದ. ಅವನೇ ವಿಲಿಯಂ ಎಲರಿ ಚಾನಿಂಗ್. ಮುಂದೆ ಅವನು ಪ್ಯೂರಿಟನ್ ಚರ್ಚಿನಿಂದಲೇ ಕವಲೊಡೆದ ಯೂನಿಟೇರಿಯನ್ ಪಂಥದ ನಾಯಕನಾದ. 1835ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಕ ಬರೆದ. ದೇವರು ಒಬ್ಬನೇ, ಮನುಷ್ಯರೆಲ್ಲ ಸಮಾನರು ಎನ್ನುವ ಈ ಪಂಥಕ್ಕೂ ಬಂಗಾಳದ ಬ್ರಹ್ಮಸಮಾಜಕ್ಕೂ ರಾಮಮೋಹನ ರಾಯರ ಕಾಲದಿಂದ ಸ್ನೇಹವಿತ್ತು. 1855ರಲ್ಲಿ ಅಮೆರಿಕದ ಯೂನಿಟೇರಿಯನ್ನರು ಚಾರ್ಲ್ಸ್ ಡಾಲ್ ಎಂಬುವರನ್ನು ಕಲ್ಕತ್ತೆಗೆ ಕಳಿಸಿದರು. ಗುಲಾಮಗಿರಿಯ ಕಡುವಿರೋಧಿಯಾಗಿದ್ದ ಥಿಯೊಡೋರ್ ಪಾರ್ಕರ್‌ನ ಬರಹಗಳನ್ನು ಬ್ರಹ್ಮಸಮಾಜದ ಯುವಕರು ಆಸಕ್ತಿಯಿಂದ ಓದುತ್ತಿದ್ದರು.

1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜ ಆರಂಭವಾಯಿತು. ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿದ ವಕೀಲ ಕುದ್ಮುಲ್ ರಂಗರಾಯರು ಆ ಸಮಾಜದಿಂದ ಬೆಳೆದು ಬಂದವರು. 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು; 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಶಾಲೆಯ ಜೊತೆಗೆ ಕೈಕಸುಬಿನ ತರಬೇತಿ, ಮನೆಕಟ್ಟಲು ಜಾಗ ಇವುಗಳಿಗಾಗಿ ಓಡಾಡಿದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರೂ ಹಿಂದೆ ಸರಿಯಲಿಲ್ಲ. 1928ರಲ್ಲಿ ಅವರು ತೀರಿಕೊಂಡರು. ತಮ್ಮ ಶವಕ್ಕೆ ಹೆಗಲು ಕೊಡುವವರು ಪೌರಕಾರ್ಮಿಕ ಸಮುದಾಯದವರೇ ಆಗಿರಬೇಕು ಎಂಬುದು ಅವರ ಕೊನೆಯ ಇಚ್ಛೆಯಾಗಿತ್ತು.

ರಂಗರಾಯರು ಹಾಪ್ಕಿನ್ಸ್‌ನ ಪುಸ್ತಕ ಓದಿ ಹೀಗೆ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಅವರ ಪ್ರೇರಣೆಗೆ ಈ ನೆಲದ ಸಂಕಟವೇ ಸಾಕಿತ್ತು. ಆದರೆ ಉದ್ಧಾರವಾಗಬೇಕಾದವರು ಕೆಳಗಿನವರಲ್ಲ, ಮೇಲಿನವರು. ಋಣ ತೀರಿಸಬೇಕಾದದ್ದು ನಾವು ಎಂಬ ಮನೋಭಾವ ಅವರ ಬದುಕಿನಲ್ಲಿ ಎದ್ದು ಕಾಣುತ್ತದೆ.

ಹುಟ್ಟಾಳು ಹೋಗಿ ಸಾಲದಾಳು

ಈಗ ನಮ್ಮ ಊರುಗಳಿಗೆ ಬರೋಣ. ಹುಟ್ಟಾಳು, ಮಣ್ಣಾಳು ಕಾನೂನಿನಲ್ಲಿ ಇಲ್ಲವಾದ ಮೇಲೆ ಏನಾಯಿತು? ಮದುವೆಗೆಂದು ಗೌಡರ ಮನೆಯಲ್ಲಿ ಸಾಲ, ಸಾಲಕ್ಕೆ ಜೀತ, ಅಪ್ಪನ ಬಾಕಿಗೆ ಮಗ. ಹುಟ್ಟು ಕಟ್ಟಿದ ಹಗ್ಗದ ಜಾಗಕ್ಕೆ ಸಾಲದ ಹಗ್ಗ ಬಂತು. ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡನ್ನು ಚಿತ್ರಿಸುವ ಆ ಕಾದಂಬರಿಯ ಗುತ್ತಿ ಸಿಂಬಾವಿ ಹೆಗ್ಗಡೆಯವರ ಜೀತದಾಳು. ತಾನು ಮೆಚ್ಚಿದ ತಿಮ್ಮಿಯನ್ನು ಕರೆದುಕೊಂಡು ಓಡಿಹೋಗುವುದೇ ಅವನು ಮಾಡುವ ದೊಡ್ಡ ಬಂಡಾಯ. ಏಕೆಂದರೆ ಅವಳು ಇನ್ನೊಬ್ಬ ಒಡೆಯನ ಹೊಲಗೇರಿಯವಳು. ಅದೇ ಕಾದಂಬರಿಯಲ್ಲಿ ಪಾದ್ರಿ ಜೀವರತ್ನಯ್ಯನೂ ಬರುತ್ತಾನೆ. ಮಿಷನ್ನಿನ ಗಾಳಿ ಘಟ್ಟ ಹತ್ತಿದ್ದನ್ನು ಕುವೆಂಪು ಗಮನಿಸಿದ್ದರು.

ಕಾಫಿ ತೋಟಗಳು ಬಂದಾಗ ಸಾಲಕ್ಕೆ ಇನ್ನೊಂದು ಹೆಸರು ಬಂತು. ಅದು ಮುಂಗಡ. ಸೇರೆಗಾರ ಘಟ್ಟದ ಕೆಳಗೆ ಹೋಗಿ ಹಣ ಹಂಚಿ ಆಳುಗಳನ್ನು ಕರೆತರುತ್ತಿದ್ದ; ಮುಂಗಡ ತೀರುವವರೆಗೆ ಲೈನ್ ಮನೆಯೇ ಗತಿ. ಜಾನ್ ಬ್ರೌನ್ ಗಲ್ಲಿಗೇರಿದ 1859ರಲ್ಲೇ ಬ್ರಿಟಿಷ್ ಭಾರತದಲ್ಲಿ ಒಂದು ಕಾಯ್ದೆ ಜಾರಿಗೆ ಬಂತು. ಮುಂಗಡ ಪಡೆದು ಕೆಲಸ ಬಿಟ್ಟುಹೋದ ಕೂಲಿಯನ್ನು ಮ್ಯಾಜಿಸ್ಟ್ರೇಟ್ ಜೈಲಿಗೆ ಕಳಿಸಲು ಅದು ಅವಕಾಶ ಕೊಟ್ಟಿತ್ತು. ಗುಲಾಮನ ಮೇಲಿನ ಹಕ್ಕನ್ನು ಒಪ್ಪದ ಕೋರ್ಟು, ಸಾಲಗಾರ ಕೂಲಿಯ ಮೇಲಿನ ಹಕ್ಕನ್ನು ಒಪ್ಪಿತು. ಆ ಕಾಯ್ದೆ ರದ್ದಾಗಲು 1920ರ ದಶಕ ಬರಬೇಕಾಯಿತು.

ಸ್ವತಂತ್ರ ಭಾರತದಲ್ಲಿ 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದವು. 1843ರ ಕಾಯ್ದೆ ಮಾಡದ ಎರಡು ಕೆಲಸಗಳನ್ನು ಇದು ಮಾಡಿತು. ಒಂದು, ಜೀತದ ಸಾಲವನ್ನೇ ಅಳಿಸಿಹಾಕಿತು. ಇನ್ನೊಂದು, ಜೀತಕ್ಕೆ ಇಟ್ಟುಕೊಂಡವನಿಗೆ ಮೂರು ವರ್ಷಗಳವರೆಗೆ ಸಜೆ, ಎರಡು ಸಾವಿರ ರೂಪಾಯಿವರೆಗೆ ದಂಡ ವಿಧಿಸಿತು. ಇದಕ್ಕೆ ಮುಂಚೆ 1974ರಲ್ಲಿ ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಿತ್ತು. ಆದರೆ ಅದು ಭೂಮಿ ಕೊಟ್ಟದ್ದು ಗೇಣಿದಾರನಿಗೆ. ಗೇಣಿ ಚೀಟಿಯೇ ಇಲ್ಲದ ಜೀತದಾಳು ಎಷ್ಟೋ ಕಡೆ ಆ ಸಾಲಿನಲ್ಲಿ ನಿಲ್ಲಲೇ ಇಲ್ಲ.

ನಾವು ಕೇಳಿಕೊಳ್ಳಬೇಕಾದದ್ದು

ಈ ದೀರ್ಘ ಕಥೆಯಿಂದ ನನಗೆ ಕಾಣುವುದು ಇಷ್ಟು. ‘ಇದು ನನ್ನ ಪಾಪ’ ಎಂದು ಒಡೆಯನ ಕಡೆಯವನು ಹೇಳಿದಾಗ ಪದ್ಧತಿಯ ಗೋಡೆ ಬಿರುಕು ಬಿಡುತ್ತದೆ. ಅದು ಪ್ಯೂರಿಟನ್ ಪರಂಪರೆಯ ದೊಡ್ಡ ಕೊಡುಗೆ. ಆದರೆ ಪಶ್ಚಾತ್ತಾಪ ಮನಸ್ಸನ್ನು ಹಗುರ ಮಾಡಿ ಅಲ್ಲಿಗೇ ನಿಂತರೆ ಗೋಡೆ ಬೀಳುವುದಿಲ್ಲ. ಭೂಮಿ, ಕೂಲಿ, ಸಾಲದ ಲೆಕ್ಕ ಬದಲಾಗಬೇಕು. ಬಿಡುಗಡೆಯಾದ ಅಮೆರಿಕದ ಗುಲಾಮನೂ ಭೂಮಿಯಿಲ್ಲದೆ ಹಳೆಯ ಒಡೆಯನ ಹೊಲದಲ್ಲೇ ಪಾಲಿಗೆ ದುಡಿಯುತ್ತಾ ಸಾಲದಲ್ಲಿ ಮುಳುಗಿದ. ನಮ್ಮ ಹುಟ್ಟಾಳಿನ ಕಥೆಯೂ ಬೇರೆಯಲ್ಲ.

ವಿದ್ಯಾರ್ಥಿಗಳಿಗೆ ನನ್ನದೊಂದು ಸಲಹೆ. ಶೃಂಗೇರಿ ಮಠದ ಕಡತಗಳು ಈ ಸೀಮೆಯ ಇತಿಹಾಸಕ್ಕೆ ದೊಡ್ಡ ಆಕರವೆಂದು ವಿದ್ವಾಂಸರು ಬಳಸಿಕೊಂಡಿದ್ದಾರೆ. ಅಂತಹ ಕಡತ, ಲೆಕ್ಕದ ಪುಸ್ತಕಗಳು ಹಳೆಯ ಮನೆಗಳ ಅಟ್ಟದಲ್ಲಿಯೂ ಇರಬಹುದು. ಮನೆತನದ ಚರಿತ್ರೆ ಬರೆಯುವಾಗ ಯಾರು ದೇವಸ್ಥಾನ ಕಟ್ಟಿಸಿದರು, ಯಾರು ತೋಟ ಮಾಡಿಸಿದರು ಎಂದು ಬರೆಯುತ್ತೇವೆ. ಆ ತೋಟಕ್ಕೆ ಗುಂಡಿ ತೋಡಿದವರ ಹೆಸರು, ಅವರಿಗೆ ಕೊಟ್ಟ ಭತ್ತದ ಅಳತೆ, ಅವರ ಮೇಲೆ ಬರೆದ ಬಾಕಿ ಅದೇ ಪುಸ್ತಕದಲ್ಲಿ ಇದ್ದರೆ ಅದನ್ನೂ ಬರೆಯಿರಿ. ಆ ಹೆಸರಿನವರ ಮೊಮ್ಮಕ್ಕಳು ಇದೇ ಊರಿನಲ್ಲಿ, ಬಹುಶಃ ನಿಮ್ಮ ತರಗತಿಯಲ್ಲೇ ಇರಬಹುದು. ಅವರ ಮನೆಯ ಹಿರಿಯರನ್ನೂ ಕೇಳಿ. ಲೆಕ್ಕದ ಇನ್ನೊಂದು ಪುಟ ಇರುವುದು ಅವರ ನೆನಪಿನಲ್ಲಿ.

ಹಾಗೆಯೇ, ಮುಂಗಡ ತೀರಿಲ್ಲವೆಂದು ಕೆಲಸ ಬಿಡಲಾಗದ ಕುಟುಂಬ ಎಲ್ಲಾದರೂ ಕಣ್ಣಿಗೆ ಬಿದ್ದರೆ ಅದನ್ನು ಅವರ ಹಣೆಬರಹ ಎನ್ನಬೇಡಿ. 1976ರ ಕಾಯ್ದೆ ಇಂದಿಗೂ ಜೀವಂತವಾಗಿದೆ. ಜಿಲ್ಲಾಧಿಕಾರಿಗಳಿಗೆ, ಉಪವಿಭಾಗಾಧಿಕಾರಿಗಳಿಗೆ ದೂರು ಕೊಡಬಹುದು. ಬಿಡುಗಡೆಯಾದವರಿಗೆ ಸರ್ಕಾರದ ಯೋಜನೆಯಂತೆ ಪುನರ್ವಸತಿ ನೆರವೂ ಇದೆ. ದೂರು ಕೊಡಬೇಕಾದದ್ದು ಅವರೊಬ್ಬರೇ ಅಲ್ಲ, ನೋಡಿದ ನಾವೂ ಹೌದು.